ಹಾಜರಿ ಪುಸ್ತಕವೂ ಕಾಣಿಕೆ ತಟ್ಟೆಯೂ

ಕರಾವಳಿಯಲ್ಲಿ ಹಳೆಯ ಮನೆಯ ಮಾಡು ಬಿಚ್ಚುವಾಗ ಕೆಳಗಿಳಿಸಿದ ಹೆಂಚನ್ನು ಮಗುಚಿ ಹಾಕಿದರೆ, ಕೆಲವದರ ಅಡಿಯಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಹೆಸರು, 1865 ಎಂಬ ಇಸವಿ ಇಂಗ್ಲಿಷ್ ಅಕ್ಷರಗಳಲ್ಲಿ ಉಬ್ಬಿಕೊಂಡಿರುವುದು ಕಾಣುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಆ ವರ್ಷ ಶುರುಮಾಡಿದ ಕಾರ್ಖಾನೆ ಅದು. ನದಿಯ ಜೇಡಿಮಣ್ಣು ದೋಣಿಯಲ್ಲಿ ಬಂದು, ಹದಗೊಂಡು, ಅಚ್ಚಿನಲ್ಲಿ ಒತ್ತಿಸಿಕೊಂಡು, ನೆರಳಲ್ಲಿ ಒಣಗಿ, ಭಟ್ಟಿಯಲ್ಲಿ ಬೆಂದು ಕೆಂಪಾಗುತ್ತಿತ್ತು. ಮುಳಿಹುಲ್ಲಿನ ಮಾಡಿದ್ದ ಊರುಗಳಿಗೆ ‘ಮಂಗಳೂರು ಹೆಂಚು’ ಬಂದದ್ದು ಹೀಗೆ. ಅದೇ ಮಿಷನ್ನಿನವರು ಅಚ್ಚುಕೂಟ ನಡೆಸಿದರು, ಮಗ್ಗ ಹಾಕಿದರು, ಶಾಲೆ ತೆರೆದರು, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದರು, ಕಿಟ್ಟೆಲರ ನಿಘಂಟನ್ನು 1894ರಲ್ಲಿ ಅಚ್ಚುಹಾಕಿದರು. ಈ ಭಾಗದ ಕಥೆಯನ್ನು ಕನ್ನಡಿಗರು ಬೇಕಾದಷ್ಟು ಸಲ ಕೇಳಿದ್ದಾರೆ. ಕಡಿಮೆ ಕೇಳಿರುವುದು ಇನ್ನೊಂದು ಸಂಗತಿ. ಆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕ್ರೈಸ್ತನಿಗೆ ಸಂಬಳ ಕೊಡುತ್ತಿದ್ದದ್ದು ಯಾವ ಮಿಷನ್ನೋ, ಭಾನುವಾರ ಉಪದೇಶ ಮಾಡುತ್ತಿದ್ದದ್ದೂ ಅದೇ ಮಿಷನ್ನು. ಅವನ ಮಕ್ಕಳು ಓದುತ್ತಿದ್ದದ್ದು ಮಿಷನ್ ಶಾಲೆಯಲ್ಲಿ. ಎಷ್ಟೋ ವೇಳೆ ಅವನ ಮನೆ ನಿಂತಿದ್ದ ಜಾಗವೂ ಮಿಷನ್ನಿನದೇ.

ಚರ್ಚಿನಲ್ಲಿ ಮತ್ತು ಕೆಲಸದ ಜಾಗದಲ್ಲಿ ಕ್ರೈಸ್ತ ನಾಯಕತ್ವ ಹೇಗಿರಬೇಕು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಗುಣಗಳ ಪಟ್ಟಿ. ನಾಯಕ ನಮ್ರನಾಗಿರಬೇಕು, ಸೇವಾಭಾವ ಇರಬೇಕು, ಪ್ರಾರ್ಥನಾಶೀಲನಾಗಿರಬೇಕು, ಹಣದ ಆಸೆ ಇರಬಾರದು. ಇದರಲ್ಲಿ ತಪ್ಪೇನಿಲ್ಲ, ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲೇ ಇಂಥ ಪಟ್ಟಿ ಇದೆ. ಆದರೆ ಗುಣವೊಂದನ್ನೇ ನೆಚ್ಚಿಕೊಂಡ ನಾಯಕತ್ವ ಎಲ್ಲಿ ಎಡವುತ್ತದೆ ಎಂಬುದನ್ನು ತಿಳಿಯಲು ಬಾಸೆಲ್ ಮಿಷನ್ನಿಗಿಂತ ಒಳ್ಳೆಯ ಉದಾಹರಣೆ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ. ಏಕೆಂದರೆ ಅಲ್ಲಿದ್ದವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಲೋಭಿಗಳೂ ಅಲ್ಲ. ಮನೆ ಮಠ ಬಿಟ್ಟು ಬಂದು, ಇಲ್ಲಿನ ಜ್ವರಕ್ಕೆ ಹೆಂಡತಿ ಮಕ್ಕಳನ್ನು ಕಳೆದುಕೊಂಡು, ಸಣ್ಣ ಭತ್ಯೆಯಲ್ಲಿ ಬದುಕಿದವರು. ಅವರ ನಡತೆಯನ್ನು ಅನುಮಾನಿಸದೆಯೇ ಅವರ ಏರ್ಪಾಟನ್ನು ಪ್ರಶ್ನಿಸಬಹುದು. ನನ್ನ ವಾದ ಇಷ್ಟು: ಕ್ರೈಸ್ತ ನಾಯಕತ್ವದ ಮುಖ್ಯ ಪರೀಕ್ಷೆ ನಾಯಕನ ಮನಸ್ಸಿನಲ್ಲಿಲ್ಲ, ಅವನನ್ನು ಪ್ರಶ್ನಿಸಿದವನ ಅನ್ನಕ್ಕೂ ಆರಾಧನೆಗೂ ಕುತ್ತು ಬರುತ್ತದೋ ಇಲ್ಲವೋ ಎಂಬುದರಲ್ಲಿದೆ. ಒಂದೇ ಕೈಯಲ್ಲಿ ಹಾಜರಿ ಪುಸ್ತಕವೂ ಕಾಣಿಕೆ ತಟ್ಟೆಯೂ ಇದ್ದರೆ, ಆ ಕೈ ಎಷ್ಟು ಶುದ್ಧವಾಗಿದ್ದರೂ ಎದುರಿಗಿರುವವನು ಬಾಯಿ ಬಿಡುವುದಿಲ್ಲ.

ಮಿಷನ್ನು ಕಾರ್ಖಾನೆಗೆ ಇಳಿದದ್ದು ಲಾಭದ ಆಸೆಯಿಂದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ರೈತರ, ಕುಶಲಕರ್ಮಿಗಳ ಮಕ್ಕಳೇ ಹೆಚ್ಚು. 1833ರ ಚಾರ್ಟರ್ ಕಾಯ್ದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿ ಸರಕಾರದ ಸೀಮೆಯಲ್ಲಿ ದಾರಿ ಸಲೀಸಾಯಿತು. ಮರುವರ್ಷ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮುಂದೆ ತುಳುನಾಡಿನಲ್ಲಿ ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಬಿಲ್ಲವರು ಗಣನೀಯ ಸಂಖ್ಯೆಯಲ್ಲಿದ್ದರು. ಕ್ರೈಸ್ತನಾದವನು ಜಾತಿ ಬಿಡಬೇಕು ಎಂಬುದರಲ್ಲಿ ಬಾಸೆಲಿನವರದು ಕಟ್ಟುನಿಟ್ಟು. ಜಾತಿ ಬಿಟ್ಟವನಿಗೆ ಕುಲಕಸುಬೂ ತಪ್ಪಿತು, ಒಕ್ಕಲೂ ತಪ್ಪಬಹುದಿತ್ತು. ನೆಂಟರಿಷ್ಟರು ಬಾಗಿಲು ಹಾಕಿದರು. ಬಿಲ್ಲವರ ಹೆಂಡ ಇಳಿಸುವ ಕಸುಬನ್ನಂತೂ ಮಿಷನರಿಗಳೇ ಒಪ್ಪುತ್ತಿರಲಿಲ್ಲ. ಹಾಗಾದರೆ ಹೊಟ್ಟೆಗೇನು? ಬೇಸಾಯ ಮಾಡಿಸಿ ನೋಡಿದರು, ಬಡಗಿತನ ಕಲಿಸಿದರು, ಗಡಿಯಾರದ ಕೆಲಸಕ್ಕೂ ಕೈಹಾಕಿದರು. ಬಹುಪಾಲು ನೆಲಕಚ್ಚಿತು. 1850ರ ದಶಕದಲ್ಲಿ ಹಾಲರ್ ಎಂಬವರ ಕೈಯಲ್ಲಿ ನೇಯ್ಗೆ ನೆಲೆನಿಂತಿತು. ಖಾಕಿ ಬಣ್ಣವನ್ನು ಮೊದಲು ಹದಮಾಡಿದ ಹೆಸರೂ ಅವರಿಗಿದೆ. ಆಮೇಲೆ ಹೆಂಚು ಕೈಹಿಡಿಯಿತು. ಜೆಪ್ಪುವಿನ ಬೆನ್ನಿಗೆ ಕುದ್ರೋಳಿ, ಮಲ್ಪೆ, ಕೋಳಿಕೋಡು, ಪಾಲಕ್ಕಾಡು, ಫರೋಕ್ ಎಂದು ಕಾರ್ಖಾನೆಗಳು ಸಾಲಾಗಿ ಎದ್ದವು.

ಇದರಿಂದ ಆದ ಒಳಿತು ಸಣ್ಣದಲ್ಲ. ಧಣಿಯ ಅಂಗಳದಲ್ಲಿ ಹೊತ್ತು ಗೊತ್ತಿಲ್ಲದೆ ದುಡಿಯುತ್ತಿದ್ದವರಿಗೆ ಗಂಟೆಯ ಲೆಕ್ಕದ ಕೆಲಸ, ಕೈಗೆ ನಗದು ಸಂಬಳ, ಹುಟ್ಟಿನಿಂದಲ್ಲದೆ ಕಲಿಕೆಯಿಂದ ಬಂದ ಕಸುಬು ಸಿಕ್ಕಿತು. ಹೆಣ್ಣುಮಕ್ಕಳೂ ಸಂಬಳದ ಪಟ್ಟಿಗೆ ಬಂದರು. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಮಾಡಿನ ಕೆಳಗೆ ಮಣ್ಣು ತುಳಿದರು. ಆ ಕಾಲದ ದಕ್ಷಿಣ ಕನ್ನಡದಲ್ಲಿ ಇದು ನೂರು ಉಪದೇಶಕ್ಕೆ ಸಮನಾದ ಕ್ರಿಯೆ. ಈ ಕಸುಬು ಮಿಷನ್ನಿನ ಗೋಡೆಯೊಳಗೇ ಉಳಿಯಲಿಲ್ಲ ಎಂಬುದೂ ಮುಖ್ಯ. 1868ರ ಹೊತ್ತಿಗೇ ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಕುಟುಂಬದ ಹೆಂಚಿನ ಕಾರ್ಖಾನೆ ಹುಟ್ಟಿತು. ಶತಮಾನ ತಿರುಗುವಷ್ಟರಲ್ಲಿ ಮಂಗಳೂರಿನ ಸುತ್ತಮುತ್ತ ಹಿಂದೂ, ಕೆಥೊಲಿಕ್ ಮಾಲೀಕರ ಚಿಮಣಿಗಳು ಹತ್ತಾರು.

ಆದರೆ ಆ ಏರ್ಪಾಟಿನೊಳಗಿದ್ದ ಕ್ರೈಸ್ತ ಕೂಲಿಕಾರನ ಜಾಗದಲ್ಲಿ ನಿಂತು ನೋಡಿ. ಕಾರ್ಖಾನೆ ನೋಡಿಕೊಳ್ಳುವ ಸಾಹೇಬರು ಒಬ್ಬರು, ಸಭೆ ನೋಡಿಕೊಳ್ಳುವ ಅಯ್ಯನವರು ಇನ್ನೊಬ್ಬರು ಎಂಬುದು ನಿಜ. ಇಬ್ಬರೂ ಒಂದೇ ಸಂಸ್ಥೆಯವರು, ಒಂದೇ ಕಾಂಪೌಂಡಿನವರು, ಒಂದೇ ಮೇಜಿನ ಸುತ್ತ ಕೂತು ಮಾತಾಡುವವರು. ಕುಡಿದ, ಜಗಳ ಮಾಡಿದ, ಮದುವೆಯಲ್ಲಿ ಹಳೆಯ ಸಂಪ್ರದಾಯ ನಡೆಸಿದ ಎಂದು ಸಭೆಯಲ್ಲಿ ಶಿಸ್ತಿನ ಕ್ರಮ ಬಂದರೆ ಸುದ್ದಿ ಕಾರ್ಖಾನೆಯ ಗೇಟು ದಾಟಲು ಎಷ್ಟು ಹೊತ್ತು? ಮೇಸ್ತ್ರಿಯ ಮೇಲೆ ದೂರಿದ್ದರೆ ಹೇಳಿಕೊಳ್ಳಬೇಕಾದ್ದು ಯಾರಲ್ಲಿ? ಕೂಲಿ ಕಡಿಮೆಯಾಯಿತು ಎನ್ನುವುದು ಹಕ್ಕಿನ ಮಾತೋ ಕೃತಘ್ನತೆಯ ಪಾಪವೋ? ಈ ಪ್ರಶ್ನೆಗಳಿಗೆ ಅಂದಿನ ಕೂಲಿಕಾರರು ಬರೆದಿಟ್ಟ ಉತ್ತರ ಹೆಚ್ಚಿಲ್ಲ. ಅದಕ್ಕೆ ಅಕ್ಷರ ಬಾರದಿದ್ದದ್ದು ಒಂದು ಕಾರಣ. ಹೇಳಿಕೊಳ್ಳಲು ಬೇರೆ ಬಾಗಿಲು ಇಲ್ಲದಿದ್ದದ್ದು ಇನ್ನೊಂದು ಕಾರಣ ಇರಬೇಕು ಎಂದು ನನ್ನ ಊಹೆ. ಹೊರಗಿನವರು ‘ಅಕ್ಕಿಗಾಗಿ ಕ್ರೈಸ್ತರಾದವರು’ ಎಂದು ಹಂಗಿಸಿದ್ದೂ ಈ ಏರ್ಪಾಟಿನ ಫಲವೇ. ಆ ಹಂಗಿನ ಮಾತು ಅನೇಕರ ಮಟ್ಟಿಗೆ ಶುದ್ಧ ಅನ್ಯಾಯ. ಆದರೆ ನಂಬಿಕೆಗೂ ಸಂಬಳಕ್ಕೂ ಗಂಟುಹಾಕಿದ ಮೇಲೆ ತನ್ನ ನಂಬಿಕೆ ನಿಜವಾದದ್ದು ಎಂದು ಸಾಬೀತುಮಾಡುವ ಅವಕಾಶವನ್ನೇ ಆ ಮನುಷ್ಯನಿಂದ ಕಿತ್ತುಕೊಂಡಂತಾಯಿತು.

ಮಿಷನರಿಗಳೂ ತಮ್ಮ ಮೇಲಿನವರ ಎದುರು ಇದೇ ಸ್ಥಿತಿಯಲ್ಲಿದ್ದರು ಎಂಬುದು ಕುತೂಹಲದ ವಿಷಯ. ಬಾಸೆಲ್ಲಿನಲ್ಲಿ ಕೂತ ಸಮಿತಿ ಅವರಿಗೆ ಊರು ಗೊತ್ತುಮಾಡುತ್ತಿತ್ತು, ಮದುವೆಗೆ ಅನುಮತಿ ಕೊಡುತ್ತಿತ್ತು. 1850ರಿಂದ ಸುಮಾರು ಮೂರು ದಶಕ ಮಿಷನ್ನಿನ ಮುಖ್ಯಾಧಿಕಾರಿಯಾಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ 1851-52ರಲ್ಲಿ ಭಾರತಕ್ಕೇ ಬಂದು ನೋಡಿಹೋಗಿ ನಿಯಮಗಳನ್ನು ಇನ್ನಷ್ಟು ಬಿಗಿಮಾಡಿದರು. ಒಬ್ಬರ ಲೋಪವನ್ನು ಇನ್ನೊಬ್ಬರು ಮೇಲಿನವರಿಗೆ ತಿಳಿಸುವುದು ಅಲ್ಲಿ ಧಾರ್ಮಿಕ ಕರ್ತವ್ಯವೆನಿಸಿತ್ತು. ಈಗ ಘಾನಾ ಎನಿಸಿಕೊಂಡ ಗೋಲ್ಡ್ ಕೋಸ್ಟಿನಲ್ಲಿ ಇದೇ ಮಿಷನ್ ಹೇಗೆ ನಡೆಯಿತು ಎಂದು ಸಮಾಜಶಾಸ್ತ್ರಜ್ಞ ಜಾನ್ ಮಿಲ್ಲರ್ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಈ ಕಟ್ಟುಪಾಡು ಸಂಸ್ಥೆಯನ್ನು ಬಹುಕಾಲ ಹಿಡಿದು ನಿಲ್ಲಿಸಿತು, ಜೊತೆಗೇ ಒಳಗೊಳಗೆ ಅಪನಂಬಿಕೆಯನ್ನೂ ಬೆಳೆಸಿತು ಎಂಬುದು ಅವರು ಕಂಡುಕೊಂಡ ವಿರೋಧಾಭಾಸ. ಮಿಷನ್ನಿಗೆ ದೊಡ್ಡ ಉಪಕಾರ ಮಾಡಿದ ಕೆಲವರು ನಿಯಮ ಮುರಿದವರೇ ಆಗಿದ್ದರು ಎಂಬುದು ಇನ್ನೊಂದು. ಅಲ್ಲಿನ ಗಾ ಭಾಷೆಗೆ ವ್ಯಾಕರಣ ಬರೆದ ಯೊಹಾನೆಸ್ ಜಿಮ್ಮರ್‌ಮನ್ ಸಮಿತಿಯ ಅನುಮತಿ ಇಲ್ಲದೆ ಆಫ್ರಿಕಾ ಮೂಲದ ಮಹಿಳೆಯನ್ನು ಮದುವೆಯಾದರು. ಸಮಿತಿ ಮುಖ ಗಂಟಿಕ್ಕಿತು, ಆದರೆ ಅವರನ್ನು ಕಳೆದುಕೊಳ್ಳಲು ಒಪ್ಪಲಿಲ್ಲ. ತಪ್ಪಿಸಿಕೊಳ್ಳುವ ಸಂದಿಯೊಂದು ಉಳಿದಿದ್ದರಿಂದಲೇ ಆ ಶಿಸ್ತು ಬದುಕಿತು ಎನ್ನಬೇಕು. ಕೆಳಗಿನ ಕೂಲಿಕಾರನಿಗೆ ಅಂಥ ಸಂದಿ ಎಲ್ಲಿತ್ತು?

ಮಿಷನ್ನಿನವರು ಓದುತ್ತಿದ್ದ ಪುಸ್ತಕದಲ್ಲೇ ಬೇರೆ ದಾರಿ ಇತ್ತು ಎಂಬುದು ಈ ವಾದದ ಗಟ್ಟಿ ಆಧಾರ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಒಂದು ದೂರಿನಿಂದ ಶುರುವಾಗುತ್ತದೆ. ಯೆರೂಸಲೇಮಿನ ಸಭೆಯಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಎಂದು ಆ ಗುಂಪಿನವರು ಗೊಣಗುತ್ತಾರೆ. ಹಂಚಿಕೆ ನಡೆಯುತ್ತಿದ್ದದ್ದು ಅಪೊಸ್ತಲರ ಕಣ್ಗಾವಲಿನಲ್ಲಿ. ಅವರಿಗಿಂತ ಗುಣವಂತ ನಾಯಕರು ಆ ಸಭೆಗೆ ಎಲ್ಲಿಂದ ಬರಬೇಕು? ಆದರೂ ಅವರು ತಮ್ಮ ಪ್ರಾಮಾಣಿಕತೆಯ ಸಾಕ್ಷಿ ಹೇಳುತ್ತ ಕೂರಲಿಲ್ಲ, ಗೊಣಗುವವರಿಗೆ ತಾಳ್ಮೆಯ ಪಾಠ ಹೇಳಲಿಲ್ಲ. ಊಟದ ಕೆಲಸವನ್ನು ತಮ್ಮ ಕೈಯಿಂದ ಬಿಟ್ಟುಕೊಟ್ಟು, ಬೇರೆ ಏಳು ಜನರನ್ನು ಆರಿಸಿರಿ ಎಂದು ಸಭೆಗೇ ಹೇಳಿದರು. ಸಭೆ ಆರಿಸಿದ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ದೂರು ಕೊಟ್ಟ ಗುಂಪಿನ ಕಡೆಯವರ ಕೈಗೇ ಸೌಟು ಹೋಯಿತು ಎಂದು ಇದನ್ನು ಓದಲು ಸಾಧ್ಯ. ಅನೇಕ ವ್ಯಾಖ್ಯಾನಕಾರರು ಓದಿದ್ದೂ ಹಾಗೆಯೇ. ಹಣದ ವಿಷಯದಲ್ಲಿ ಪೌಲನದೂ ಇದೇ ಎಚ್ಚರ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಕಾಣಿಕೆಯನ್ನು ಒಬ್ಬನೇ ಹೊತ್ತೊಯ್ಯದೆ, ಸಭೆಗಳು ಆರಿಸಿದ ಜನರನ್ನು ಜೊತೆಗಿಟ್ಟುಕೊಳ್ಳುತ್ತಾನೆ. ದೇವರ ಎದುರಿಗಷ್ಟೇ ಸರಿಯಿದ್ದರೆ ಸಾಲದು, ಮನುಷ್ಯರ ಎದುರಿಗೂ ಸರಿಯಾಗಿ ಕಾಣಬೇಕು ಎಂಬುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅವನು ಕೊಡುವ ಕಾರಣ. ಭಾನುವಾರ ಆರಾಧನೆ ಮುಗಿದ ಮೇಲೆ ಒಳಕೋಣೆಯಲ್ಲಿ ಇಬ್ಬರು ಕೂತು ಕಾಣಿಕೆ ಎಣಿಸಿ, ಚಿಲ್ಲರೆ ನೋಟು ಬೇರೆ ಮಾಡಿ, ಪುಸ್ತಕದಲ್ಲಿ ಮೊತ್ತ ಬರೆದು, ಇಬ್ಬರೂ ಸಹಿ ಹಾಕುವ ರೂಢಿ ಇರುವ ಸಭೆಗಳು ಮಾಡುತ್ತಿರುವುದು ಇದನ್ನೇ. ಆ ಎರಡನೆಯ ಸಹಿ ಯಾರನ್ನೂ ಕಳ್ಳ ಎನ್ನುವುದಿಲ್ಲ. ಒಬ್ಬ ಪ್ರಾಮಾಣಿಕನನ್ನು ನಾಳೆಯ ಅನುಮಾನದಿಂದ ಕಾಯುತ್ತದೆ.

ಇತ್ತೀಚೆಗೆ ಚರ್ಚಿನ ತರಬೇತಿ ಶಿಬಿರಗಳಲ್ಲೂ ಕಂಪನಿಗಳ ಸಭಾಂಗಣದಲ್ಲೂ ‘ಸೇವಕ ನಾಯಕತ್ವ’ ಎಂಬ ಮಾತು ಜೋರಾಗಿದೆ. ಇದನ್ನು ಈ ರೂಪದಲ್ಲಿ ಚಲಾವಣೆಗೆ ತಂದವರು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್. ಎಟಿ ಅಂಡ್ ಟಿ ಟೆಲಿಫೋನ್ ಕಂಪನಿಯಲ್ಲಿ ದಶಕಗಟ್ಟಲೆ ದುಡಿದು ನಿವೃತ್ತರಾದ ಅವರು 1970ರಲ್ಲಿ ಬರೆದ ಪ್ರಬಂಧದಿಂದ ಅದು ಹರಡಿತು. ತಮಗೆ ಈ ಕಲ್ಪನೆ ಹೊಳೆದದ್ದು ಹೆರ್ಮನ್ ಹೆಸ್ಸೆಯ ‘ಪೂರ್ವದೇಶದ ಯಾತ್ರೆ’ ಎಂಬ ಕಥೆಯಿಂದ ಎಂದು ಅವರೇ ಹೇಳಿಕೊಂಡಿದ್ದಾರೆ. ಅಲ್ಲಿ ಯಾತ್ರಿಕರ ಗಂಟುಮೂಟೆ ಹೊರುವ ಲಿಯೋ ಎಂಬ ಆಳು ಕಾಣೆಯಾದಾಗ ಇಡೀ ಗುಂಪು ಚೆಲ್ಲಾಪಿಲ್ಲಿಯಾಗುತ್ತದೆ. ಆಳೇ ನಾಯಕನಾಗಿದ್ದ ಎಂದು ಕೊನೆಗೆ ತಿಳಿಯುತ್ತದೆ. ಹೆಸ್ಸೆಯ ತಾಯಿ ಮರಿಯ ಹುಟ್ಟಿದ್ದು ತಲಶ್ಶೇರಿಯಲ್ಲಿ, ಮಲಯಾಳ ನಿಘಂಟಿನ ಹೆರ್ಮನ್ ಗುಂಡರ್ಟರ ಮಗಳಾಗಿ; ತಂದೆ ಯೊಹಾನೆಸ್ ಕೂಡ ನಮ್ಮ ಕರಾವಳಿಯಲ್ಲಿ ಕೆಲವು ವರ್ಷ ಬಾಸೆಲ್ ಮಿಷನ್ನಿನ ಕೆಲಸದಲ್ಲಿದ್ದವರು. ಅಂದರೆ ಇಂದಿನ ಮ್ಯಾನೇಜ್‌ಮೆಂಟ್ ಪಾಠದ ಒಂದು ಬೇರು ಸುತ್ತಿ ಬಳಸಿ ಈ ಮಿಷನ್ ಮನೆತನದವರೆಗೂ ಬರುತ್ತದೆ. ಆದರೆ ಗ್ರೀನ್‌ಲೀಫರನ್ನು ಓದಿದವರು ಹೆಚ್ಚಾಗಿ ಹಿಡಿದುಕೊಂಡದ್ದು ನಾಯಕನ ಭಾವವನ್ನು. ತನ್ನನ್ನು ಸೇವಕ ಎಂದು ಕರೆದುಕೊಳ್ಳುವುದು ಯಜಮಾನನಿಗೆ ಅಂಥ ಕಷ್ಟದ ಕೆಲಸವಲ್ಲ. ಶಿಷ್ಯರ ಪಾದ ತೊಳೆದ ಪ್ರಸಂಗವನ್ನು ವರ್ಷಕ್ಕೊಮ್ಮೆ ಪವಿತ್ರ ಗುರುವಾರ ಆಚರಿಸುವ ಎಷ್ಟೋ ಕಡೆ ಉಳಿದ 364 ದಿನ ಲೆಕ್ಕಪತ್ರದ ಪುಸ್ತಕ ಬೀಗದೊಳಗಿರುತ್ತದೆ. ಸೇವಕನನ್ನು ಕೆಲಸದಿಂದ ತೆಗೆಯಬಹುದು, ಲೆಕ್ಕ ಕೇಳಬಹುದು. ಈ ಎರಡೂ ಸಾಧ್ಯವಿಲ್ಲದ ಕಡೆ ಸೇವಕ ಎಂಬುದು ಬರಿಯ ಬಿರುದು.

ಬಾಸೆಲ್ ಮಿಷನ್ನಿನಲ್ಲೂ ವ್ಯಾಪಾರವನ್ನು ಧರ್ಮದಿಂದ ಬಿಡಿಸಿ ನೋಡುವ ಪ್ರಯತ್ನ ನಡೆದಿತ್ತು. 1859ರಲ್ಲೇ ವ್ಯಾಪಾರಕ್ಕೆಂದು ಬೇರೆ ಕಂಪನಿ ಹುಟ್ಟಿತು. ಷೇರುದಾರರ ಲಾಭಾಂಶಕ್ಕೆ ಮಿತಿ ಹಾಕಿ ಉಳಿದದ್ದು ಮಿಷನ್ನಿಗೆ ಸಲ್ಲುವಂತೆ ಮಾಡಿದರು. 1882ರಲ್ಲಿ ಕಾರ್ಖಾನೆಗಳೂ ಅದರ ಅಡಿಗೆ ಬಂದವು. ಲೆಕ್ಕದ ಪುಸ್ತಕ ಬೇರೆಯಾಯಿತು, ಕೂಲಿಕಾರನ ಕಣ್ಣಿಗೆ ಮಾತ್ರ ಸಾಹೇಬರು ಸಾಹೇಬರಾಗಿಯೇ ಉಳಿದರು. ಸಭೆಯ ಮುಂದಾಳತ್ವವನ್ನು ಸ್ಥಳೀಯರಿಗೆ ದಾಟಿಸುವುದರಲ್ಲೂ ಇದೇ ಮಂದಗತಿ. ಸಾರಸ್ವತ ಬ್ರಾಹ್ಮಣರಾಗಿದ್ದ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾಗಿ, ಬಾಸೆಲ್ಲಿಗೇ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಸಂಸ್ಥೆ ಆಗಲೇ ಅಂಥ ಒಬ್ಬರನ್ನು ತಯಾರು ಮಾಡಬಲ್ಲುದಾಗಿತ್ತು. ಆದರೂ ಅರವತ್ತು ವರ್ಷದ ನಂತರವೂ ಕೀಲಿಕೈ ಇದ್ದದ್ದು ಯುರೋಪಿಯನ್ನರ ಬಳಿಯೇ. ಅದನ್ನು ಕಸಿದುಕೊಂಡದ್ದು ಉಪದೇಶವಲ್ಲ, ಮೊದಲ ಮಹಾಯುದ್ಧ. 1914ರಲ್ಲಿ ಜರ್ಮನಿ ಶತ್ರುದೇಶವಾದ ಮೇಲೆ ಜರ್ಮನ್ ಮಿಷನರಿಗಳನ್ನು ಹಿಡಿದು ಅಹ್ಮದ್‌ನಗರದಂಥ ಶಿಬಿರಗಳಲ್ಲಿಟ್ಟರು, ಆಮೇಲೆ ಊರಿಗೆ ಅಟ್ಟಿದರು. ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. ಯುದ್ಧ ಮುಗಿಯುತ್ತಿದ್ದಂತೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹೋದವು. ಒಂದೇ ಕಾಂಪೌಂಡಿನಲ್ಲಿ ಬೆಸೆದುಕೊಂಡಿದ್ದ ಚರ್ಚೂ ಕಾರ್ಖಾನೆಯೂ ಹೀಗೆ ಎರಡು ದಾರಿ ಹಿಡಿದವು. ಸಭೆಗಳು ತಮ್ಮ ಸಭಾಪಾಲಕರನ್ನು ತಾವೇ ಸಾಕಲು ಕಲಿಯಬೇಕಾಯಿತು. ಹೆಂಚಿನ ಕಾರ್ಮಿಕರು 1930ರ ದಶಕದಿಂದೀಚೆಗೆ ಜಾತಿ ಮತ ನೋಡದೆ ಸಂಘ ಕಟ್ಟಿದರು. ಕೂಲಿಯ ಮಾತನ್ನು ಕೂಲಿಯ ಮಾತಾಗಿಯೇ ಆಡಲು ಆಗ ಬಾಯಿ ಬಂತು. ಯುದ್ಧ ಒಳ್ಳೆಯದು ಮಾಡಿತು ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಸಂಸಾರ ಬೀದಿಗೆ ಬಂದವು. ಎಂಬತ್ತು ವರ್ಷ ಒಳಗಿನವರು ಬಿಚ್ಚಲಾರದ ಗಂಟನ್ನು ಹೊರಗಿನ ಅನಾಹುತ ಬಿಚ್ಚಬೇಕಾಯಿತಲ್ಲ ಎಂಬುದೇ ನಾಯಕತ್ವದ ಲೋಪ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ ಗಂಭೀರವಾದದ್ದು. ಜಾತಿಯಿಂದ ಹೊರಬಿದ್ದವನಿಗೆ ಆ ಹೊತ್ತಿಗೆ ಬೇಕಿದ್ದದ್ದು ಅಧಿಕಾರ ವಿಭಜನೆಯ ತತ್ವವಲ್ಲ, ಒಂದು ಸೂರು ಮತ್ತು ಗಂಜಿ. ಅದನ್ನು ಕೊಡಲು ಮಿಷನ್ ಬಿಟ್ಟರೆ ಇನ್ನಾರಿದ್ದರು? ಸರಿಯಾದ ಮಾತೇ. ಆಪತ್ಕಾಲದಲ್ಲಿ ಒಂದೇ ಕೈ ಎಲ್ಲವನ್ನೂ ಮಾಡಬೇಕಾಗುತ್ತದೆ. ಆದರೆ ಆಪತ್ಕಾಲದ ಏರ್ಪಾಟಿಗೆ ಮುಗಿಯುವ ದಿನ ಗೊತ್ತಿರಬೇಕು. ಹಡಗು ಮುಳುಗುವಾಗ ನಾವಿಕನ ಮಾತಿಗೆ ಎದುರಾಡಬಾರದು ನಿಜ; ದಡ ಸೇರಿದ ಮೇಲೂ ಮೂರು ತಲೆಮಾರು ಅವನನ್ನೇ ಕೇಳಿ ಅನ್ನ ಬೇಯಿಸಬೇಕೆಂದರೆ? ಕರುಣೆಯಿಂದ ಹುಟ್ಟಿದ ಅಧಿಕಾರವನ್ನು ಬಿಟ್ಟುಕೊಡುವುದು ದುರಾಸೆಯಿಂದ ಹುಟ್ಟಿದ್ದನ್ನು ಬಿಡುವುದಕ್ಕಿಂತ ಕಷ್ಟ, ಏಕೆಂದರೆ ಬಿಡದಿರುವುದಕ್ಕೆ ಅಲ್ಲಿ ಯಾವಾಗಲೂ ಒಂದು ಒಳ್ಳೆಯ ಕಾರಣ ಸಿಗುತ್ತದೆ.

ಎರಡನೆಯ ಆಕ್ಷೇಪ ನಂಬಿಕೆಯ ಒಳಗಿನಿಂದ ಬರುತ್ತದೆ. ಕ್ರೈಸ್ತನಿಗೆ ಭಾನುವಾರ ಒಂದು ಬದುಕು, ಸೋಮವಾರ ಇನ್ನೊಂದು ಬದುಕು ಎಂದಿಲ್ಲ. ಚರ್ಚನ್ನೂ ಕೆಲಸವನ್ನೂ ಬೇರ್ಪಡಿಸಿದರೆ ಆಫೀಸಿನಲ್ಲಿ ನಂಬಿಕೆಗೆ ಜಾಗವೇ ಇಲ್ಲದಂತಾಗುತ್ತದೆ ಎನ್ನುತ್ತಾರೆ. ಆದರೆ ನಂಬಿಕೆಯನ್ನು ಕೆಲಸಕ್ಕೆ ಒಯ್ಯುವುದು ಬೇರೆ, ಕೆಲಸದ ಮೇಲಿನ ಅಧಿಕಾರವನ್ನು ನಂಬಿಕೆಗೆ ಬಳಸುವುದು ಬೇರೆ. ಇದಕ್ಕೂ ಪೌಲನೇ ಸಾಕ್ಷಿ. ಕೊರಿಂಥದಲ್ಲಿ ಅವನು ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿದು ಜೀವನ ಮಾಡಿದ. ಸಾರುವವನಿಗೆ ಸಭೆಯಿಂದ ಜೀವನಾಂಶ ಪಡೆಯುವ ಹಕ್ಕುಂಟು ಎಂದು ವಾದಿಸಿ, ತಾನು ಮಾತ್ರ ಆ ಹಕ್ಕು ಚಲಾಯಿಸುವುದಿಲ್ಲ ಎಂದವನು ಅವನು. ತನ್ನ ಮಾತಿನ ಮೇಲೆ ಯಾರ ಅನ್ನದ ಋಣವೂ ಬೀಳದಿರಲಿ ಎಂಬುದು ಅದರ ಒಳಗಿನ ಲೆಕ್ಕ. ಇಂದು ಒಂದು ಕಂಪನಿಯ ಮಾಲೀಕನೋ ವಿಭಾಗದ ಮುಖ್ಯಸ್ಥನೋ ಕ್ರೈಸ್ತನಾಗಿದ್ದು, ಬೆಳಗಿನ ಕೆಲಸಕ್ಕೆ ಮೊದಲು ಎಲ್ಲರನ್ನೂ ಪ್ರಾರ್ಥನೆಗೆ ಕರೆದರೆ, ಬಾರದವರ ಮೇಲೆ ಅವನಿಗೆ ಕೋಪ ಬರುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ಬಡ್ತಿಯ ಪಟ್ಟಿ ಅವನ ಮೇಜಿನ ಮೇಲಿದೆ ಎಂಬುದು ಬಾರದವನಿಗೆ ಗೊತ್ತಿರುತ್ತದೆ. ಅದೇ ಮನುಷ್ಯ ಸಂಬಳವನ್ನು ತಾರೀಕಿಗೆ ಸರಿಯಾಗಿ ಕೊಟ್ಟು, ತನ್ನ ಸಭೆಯವನಿಗೂ ಪಕ್ಕದ ಮಸೀದಿಯವನಿಗೂ ರಜೆಯಲ್ಲಿ ಭೇದ ಮಾಡದೆ, ಲಂಚದ ಕವರನ್ನು ಹಿಂದಕ್ಕೆ ತಳ್ಳಿದರೆ ಅವನ ನಂಬಿಕೆ ಆಫೀಸಿನಲ್ಲಿ ಇಲ್ಲ ಎನ್ನುವವರು ಯಾರು? ತಿಮೊಥೆಯನ ಪತ್ರಿಕೆಯ ಪಟ್ಟಿಯಲ್ಲಿ ಸಭೆಯ ನಾಯಕನಿಗೆ ಹೊರಗಿನವರಲ್ಲೂ ಒಳ್ಳೆಯ ಹೆಸರಿರಬೇಕು ಎಂಬ ಷರತ್ತು ಸೇರಿದೆ. ಉಪದೇಶಿಗಳು ಅದನ್ನು ಅಷ್ಟಾಗಿ ಒತ್ತಿ ಹೇಳುವುದಿಲ್ಲ, ಏಕೋ.

ಇದೆಲ್ಲ ಹಳೆಯ ಕಾಲದ ಕಥೆ ಎಂದುಕೊಳ್ಳುವಂತಿಲ್ಲ. 1947ರ ಸೆಪ್ಟೆಂಬರಿನಲ್ಲಿ ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು; ಬಾಸೆಲ್ ಮಿಷನ್ನಿನ ಸಭೆಗಳೂ ಹಂತಹಂತವಾಗಿ ಅದರೊಳಗೆ ಬಂದವು; 1970ರಲ್ಲಿ ಅದರ ಮೈಸೂರು ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತದ ಪ್ರಾಂತ, ಮೂರಾಗಿ, ಕರ್ನಾಟಕದ ದಕ್ಷಿಣ ಡಯಾಸಿಸ್ಸಿಗೆ ಮಂಗಳೂರು ಕೇಂದ್ರವಾಯಿತು. ಹೆಂಚಿನ ಕಾರ್ಖಾನೆ ಈಗ ಚರ್ಚಿನ ಕೈಯಲ್ಲಿಲ್ಲ. ಆದರೆ ದೇಶದುದ್ದಕ್ಕೂ ಎಲ್ಲ ಪಂಗಡಗಳ ಚರ್ಚುಗಳು ಶಾಲೆ, ಕಾಲೇಜು, ಆಸ್ಪತ್ರೆ, ಹಾಸ್ಟೆಲುಗಳ ಮೂಲಕ ದೊಡ್ಡ ಉದ್ಯೋಗದಾತರು. ಇಂಥ ಕಡೆ ಡಯಾಸಿಸ್ಸಿನ ಮುಖ್ಯಸ್ಥರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿರುವುದು ಸಾಮಾನ್ಯ. ಶಾಲೆಯ ಟೀಚರಮ್ಮ ಅದೇ ಸಭೆಯ ಸದಸ್ಯೆ, ಅವರ ಗಂಡ ಸಭಾ ಸಮಿತಿಯಲ್ಲಿ, ಮಗಳ ಮದುವೆ ಅದೇ ಚರ್ಚಿನಲ್ಲಿ. ವರ್ಗಾವಣೆಯ ವಿಷಯದಲ್ಲಿ ಅನ್ಯಾಯವಾಯಿತು ಎಂದು ಅವರು ಬರೆಯುವ ಅರ್ಜಿ ಯಾರ ಮೇಜಿಗೆ ಹೋಗುತ್ತದೋ, ಮುಂದಿನ ಭಾನುವಾರ ಆಶೀರ್ವಾದ ಪಡೆಯಬೇಕಾದ್ದು ಅವರಿಂದಲೇ. ಕಾಲ ಬದಲಾಗಿದೆ, ಮೇಜು ಬದಲಾಗಿಲ್ಲ.

ಈ ಬೆಸುಗೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಸನ್ಯಾಸಿನಿಯರು, ಪಾದ್ರಿಗಳು ತಮ್ಮ ಸಂಬಳ ತಮಗಲ್ಲ, ಬಡತನದ ವ್ರತದಂತೆ ಮಠಕ್ಕೆ ಸೇರುತ್ತದೆ, ಆದ್ದರಿಂದ ತೆರಿಗೆ ಮುರಿಯಬಾರದು ಎಂದು ವಾದಿಸಿದ್ದರು. ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ಅದನ್ನು ಒಪ್ಪಲಿಲ್ಲ: ಕೆಲಸಕ್ಕೆ ಬಂದ ಸಂಬಳ ಸಂಬಳವೇ, ಆಮೇಲೆ ಅದನ್ನು ಯಾರಿಗೆ ಕೊಟ್ಟರೂ ತೆರಿಗೆ ತಪ್ಪದು. ವ್ರತದ ಗೌರವಕ್ಕೆ ಇದರಿಂದ ಕುಂದಿಲ್ಲ. ಒಬ್ಬ ವ್ಯಕ್ತಿ ಏಕಕಾಲಕ್ಕೆ ಸನ್ಯಾಸಿನಿಯೂ ನೌಕರಳೂ ಆಗಿರುವಾಗ ಎರಡು ಲೆಕ್ಕ ಇರಲೇಬೇಕು ಎಂಬುದನ್ನು ಚರ್ಚಿನ ಒಳಗಿನವರು ಹೇಳುವ ಮೊದಲು ನ್ಯಾಯಾಧೀಶರು ಹೇಳಿದರು, ಅಷ್ಟೆ. ಸಿಎಸ್‌ಐನಲ್ಲಿ ಬಿಷಪ್ಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ, ಮೇಲಿನ ಪದವಿಯ ಚುನಾವಣೆ ಇವುಗಳ ವಿವಾದದಲ್ಲಿ ಮದ್ರಾಸ್ ಹೈಕೋರ್ಟು 2024ರಲ್ಲಿ ನಿವೃತ್ತ ನ್ಯಾಯಮೂರ್ತಿಗಳಿಬ್ಬರನ್ನು ಆಡಳಿತಕ್ಕೆ ನೇಮಿಸುವ ತನಕ ಹೋಯಿತು; ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು.

ಇಲ್ಲೇ ಮೂರನೆಯ ಆಕ್ಷೇಪ ಏಳುತ್ತದೆ. ಚುನಾವಣೆ, ಸಂವಿಧಾನ, ಸಮಿತಿ, ಲೆಕ್ಕಪರಿಶೋಧನೆ ಎಲ್ಲ ಇರುವ ಸಂಸ್ಥೆಯಲ್ಲೇ ಇಷ್ಟು ಕಚ್ಚಾಟವಿದ್ದರೆ, ಏರ್ಪಾಟು ಸರಿಮಾಡಿದರೆ ಸಾಕು ಎಂಬ ನಿಮ್ಮ ವಾದ ಎಲ್ಲಿ ನಿಂತ ಹಾಗಾಯಿತು? ಗುಣವಿಲ್ಲದವರ ಕೈಯಲ್ಲಿ ನಿಯಮವೂ ಆಯುಧವೇ ತಾನೆ? ಇದನ್ನು ಅರ್ಧ ಒಪ್ಪುತ್ತೇನೆ. ಮತ ಹಾಕುವ ಸಭೆ ಜಾತಿಯ, ಊರಿನ, ಭಾಷೆಯ ಬಣಗಳಾಗಿ ಒಡೆಯುವುದನ್ನು ಯಾವ ನಿಯಮಾವಳಿಯೂ ತಡೆಯಲಾರದು; ಒಳ್ಳೆಯ ಗುಣ ಬೇಡ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ಈ ಜಗಳಗಳಲ್ಲಿ ಪಣಕ್ಕಿರುವುದು ಏನು ಎಂದು ನೋಡಬೇಕು. ಉಪದೇಶ ಮಾಡುವ ಹಕ್ಕಿಗಾಗಿ ಯಾರೂ ಹೈಕೋರ್ಟಿಗೆ ಹೋಗುವುದಿಲ್ಲ. ಪದವಿಯ ಜೊತೆಗೆ ಆಸ್ತಿಯ ಸಹಿ, ಶಾಲೆಯ ನೇಮಕಾತಿ, ಕಾಲೇಜಿನ ಸೀಟು ಅಂಟಿಕೊಂಡಿರುವುದರಿಂದಲೇ ಪದವಿಗೆ ಅಷ್ಟು ಬೆಲೆ. ನೇಮಕಾತಿಯನ್ನೂ ಆಸ್ತಿಯನ್ನೂ ಬಿಷಪ್ಪರ ಪೀಠದಿಂದ ಬಿಡಿಸಿ, ಬೇರೆ ಜವಾಬ್ದಾರಿಯುತ ಮಂಡಳಿಗೆ ಕೊಟ್ಟು ನೋಡಿದರೆ ಪೀಠಕ್ಕೆ ಸ್ಪರ್ಧಿಸುವವರ ಸಾಲು ತಾನಾಗಿಯೇ ಗಿಡ್ಡವಾದೀತು. ಉಳಿದು ನಿಂತವರಲ್ಲಿ ನಾವು ಹುಡುಕುತ್ತಿರುವ ಗುಣ ಇರುವ ಸಂಭವ ಹೆಚ್ಚು.

ಮಾದರಿ ಬೇಕೆಂದರೆ ದೂರ ಹೋಗಬೇಕಿಲ್ಲ; ದೇಶದ ಕಾನೂನಿನಲ್ಲೇ ಒಂದಿದೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು ಎನ್ನುತ್ತದೆ. ಅದರ ಅಧ್ಯಕ್ಷತೆ ಮಹಿಳೆಯದು, ಅರ್ಧದಷ್ಟಾದರೂ ಸದಸ್ಯರು ಮಹಿಳೆಯರು, ಒಬ್ಬ ಸದಸ್ಯರು ಕಡ್ಡಾಯವಾಗಿ ಸಂಸ್ಥೆಯ ಹೊರಗಿನವರು. ಚರ್ಚು ನಡೆಸುವ ಶಾಲೆಗೂ ಆಸ್ಪತ್ರೆಗೂ ಇದು ಅನ್ವಯಿಸುತ್ತದೆ. ದೂರು ಯಾರ ವಿರುದ್ಧವೋ ಅವರ ಸಂಬಳದಲ್ಲೂ ಆಶೀರ್ವಾದದಲ್ಲೂ ಇಲ್ಲದ ಒಬ್ಬರು ಆ ಕೋಣೆಯಲ್ಲಿ ಕೂತಿರಬೇಕು ಎಂಬುದು ಅದರ ತಿರುಳು. ವರ್ಗಾವಣೆ, ನೇಮಕಾತಿ, ಕಾಣಿಕೆಯ ಲೆಕ್ಕ, ಸಭಾ ಶಿಸ್ತಿನ ಕ್ರಮ ಇವುಗಳ ದೂರಿಗೂ ಇಂಥ ಒಬ್ಬ ಹೊರಗಿನವರನ್ನು ಕೂರಿಸಲು ಯಾವ ಕಾನೂನಿಗೂ ಕಾಯಬೇಕಿಲ್ಲ. ಸಭೆಯ ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಒಂದು ನಿರ್ಣಯ ಮಂಡಿಸಿ, ಒಬ್ಬರು ಅನುಮೋದಿಸಿ, ಕೈ ಎತ್ತಿದರೆ ಆಯಿತು. ಹಾಗೆ ಮಂಡಿಸಿದವರಿಗೆ ಮಾರನೆಯ ತಿಂಗಳು ಮಿಷನ್ ಶಾಲೆಯಿಂದ ವರ್ಗಾವಣೆಯ ಆದೇಶ ಬರುತ್ತದೆಯೇ ಎಂದು ಕಾದು ನೋಡಬೇಕು.